ಬಂಕಾಪುರದ ಚಂಪಾವತಿ

ಶಿಗ್ಗಾಂವಿಯ ಪೇಟೆ ಓಣಿಯಲ್ಲಿ ಹೆಂಗಸರ ಕುಬಸ ಹೊಲಿಯುವ ಟೇಲರುಗಳು ಬೇರೆಯವರೂ ಇದ್ದರು. ಆದರೆ ತೋಳೆತ್ತಿದರೆ ಕಂಕುಳಲ್ಲಿ ಹಿಡಿಯಬಾರದು, ಬಾಗಿದರೆ ಬೆನ್ನು ಮೇಲೇರಬಾರದು ಅನ್ನುವವರು ಹಜರತಅಲಿಯವರ ಅಂಗಡಿಗೇ ಬರುತ್ತಿದ್ದರು. ನಮ್ಮವ್ವನೂ ಅವರಲ್ಲೊಬ್ಬಳು. ಹೊಸ ಗಿರಾಕಿ ಯಾರಾದರೂ, "ಗಂಡಸಾಗಿ ಇದೆಲ್ಲಾ ನಿಮಗ ಹೆಂಗ ತಿಳೀತೈತ್ರಿ?" ಎಂದು ಕೇಳಿದರೆ ಅವರು ಮಷೀನಿನಿಂದ ಮುಖ ಎತ್ತದೆ, "ಇಪ್ಪತ್ತು ವರ್ಷ ನಾನೂ ತೊಟ್ಟೇನ್ರಿ" ಅನ್ನುತ್ತಿದ್ದರು.

ಮಾತು ಸುಳ್ಳಲ್ಲ. ಅವರು ಹುಟ್ಟಿದ್ದು ಬಂಕಾಪುರದಲ್ಲಿ, ಹತ್ತಿ ಹಿಂಜುವವರ ಮನೆಯಲ್ಲಿ. ಮೊಹರಮ್ಮಿನಲ್ಲಿ ರಿವಾಯತ್ ಪದ ಹಾಡುವ ಮೇಳದಲ್ಲಿ ಅವರದು ಎಲ್ಲರಿಗಿಂತ ಎತ್ತರದ ದನಿ. ಒಂದು ವರ್ಷ ಆ ಪದ ಕೇಳಲು ನಿಂತವರ ನಡುವೆ ರಟ್ಟೀಹಳ್ಳಿಯ ಒಂದು ನಾಟಕ ಕಂಪನಿಯ ಮಾಲೀಕ ಗುದ್ಲೆಪ್ಪನವರೂ ಇದ್ದರು. ಅವರ ಕಂಪನಿಯಲ್ಲಿ ಹೆಂಗಸರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಹೆಣ್ಣಿನ ಪಾತ್ರಕ್ಕೆ ಮೀಸೆ ಮೂಡದ ಹುಡುಗರು ಬೇಕಿತ್ತು. ಹಜರತಅಲಿಯವರ ತಂದೆ ಎರಡು ದಿನ ಬೇಡವೆಂದರು, ಮೂರನೆಯ ದಿನ ಹೂಂ ಅಂದರು. ಹುಡುಗ ಕಂಪನಿಯ ಸಾಮಾನಿನ ಗಾಡಿ ಹತ್ತಿದ.

ಆ ಕಂಪನಿಗೆ ಅನ್ನ ಹಾಕಿದ್ದು ಒಂದು ಸಂಗೀತದ ಹಾಸ್ಯ ನಾಟಕ. ಹೆಸರು 'ಚಂಪಾವತಿಯ ಛತ್ರಿ'. ಸಾಹುಕಾರನ ಮಗಳು ಚಂಪಾವತಿ ತಾನು ಮೆಚ್ಚಿದ, ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರನಿಗೆ ಗುರುತಿಗೆಂದು ತನ್ನ ಛತ್ರಿ ಕಳಿಸುತ್ತಾಳೆ. ಅದು ತಪ್ಪಿ ಹಲ್ಲುದುರಿದ ಮುದಿ ದೇಸಾಯಿಯ ಕೈ ಸೇರುತ್ತದೆ. ಹುಡುಗಿ ಮೆಚ್ಚಿದ್ದು ತನ್ನನ್ನೇ ಎಂದು ದೇಸಾಯಿ ಬಾಸಿಂಗ ಕಟ್ಟಿಕೊಳ್ಳಲು ತಯಾರಾಗುತ್ತಾನೆ. ಮೂರನೆಯ ಅಂಕದಲ್ಲಿ ಚಂಪಾವತಿ ಛತ್ರಿ ಕಸಿದುಕೊಳ್ಳಲು ಅವನ ವಾಡೆಗೇ ಬರುತ್ತಾಳೆ. ಹಾಡುತ್ತ ಹಾಡುತ್ತ ಛತ್ರಿ ಬಿಚ್ಚುತ್ತಾಳೆ, ಮಡಚುತ್ತಾಳೆ. ದೇಸಾಯಿ ಹತ್ತಿರ ಸರಿದಾಗಲೆಲ್ಲ ಅವನ ಮೂಗಿನ ಮುಂದೆ ಟಪ್ಪೆಂದು ತೆರೆಯುತ್ತಾಳೆ. ಆ ಒಂದು ಪ್ರವೇಶಕ್ಕಾಗಿ ಹಾನಗಲ್ಲು, ಸವಣೂರು ಕಡೆಯಿಂದ ಜನ ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದರು. ದೇಸಾಯಿಯ ಪಾತ್ರ ನೀಲಪ್ಪನದು, ಚಂಪಾವತಿಯ ಪಾತ್ರ ಹಜರತಅಲಿಯವರದು. ಹ್ಯಾಂಡ್‌ಬಿಲ್ಲಿನಲ್ಲಿ ಅವರ ಹೆಸರೇ ಬರುತ್ತಿರಲಿಲ್ಲ. 'ಬಂಕಾಪುರದ ಚಂಪಾವತಿ' ಎಂದು ಹಾಕಿದರೆ ಸಾಕಿತ್ತು.

ಸ್ವಾತಂತ್ರ್ಯ ಬರುವ ಹೊತ್ತಿಗೆ ಅವರ ದನಿ ದಪ್ಪವಾಗಿತ್ತು, ಸೊಂಟ ತುಂಬಿಕೊಂಡಿತ್ತು. ಸುತ್ತಲಿನ ಕಂಪನಿಗಳಲ್ಲೆಲ್ಲ ನಟಿಯರು ಬಂದಾಗಿತ್ತು. ಕೊನೆಗೆ ಗುದ್ಲೆಪ್ಪನವರೂ ಒಬ್ಬಳನ್ನು ಕರೆತಂದರು. ಹಜರತಅಲಿಯವರಿಗೆ ಫೌಜದಾರನ ಪಾತ್ರ ಬಂತು, ಆಮೇಲೆ ಸಾಹುಕಾರನದು, ಆಮೇಲೆ ಪಡದೆಯ ಹಿಂದೆ ಉಡುಪು ಹೊಲಿಯುವ ಕೆಲಸ. ಯಾರೂ ಅವರನ್ನು ಹೋಗೆನ್ನಲಿಲ್ಲ. ಅವರೇ ಒಂದು ಬೆಳಿಗ್ಗೆ ಮಾಲೀಕರ ಕಾಲು ಮುಟ್ಟಿ ಶಿಗ್ಗಾಂವಿಗೆ ಬಂದು ಅಂಗಡಿ ಹಾಕಿದರು, ಮೀಸೆ ಬಿಟ್ಟರು. ಅಲ್ಲಿಂದ ಮುಂದೆ ಒಂದು ನಾಟಕವನ್ನೂ ನೋಡಲಿಲ್ಲ. ಊರಿನ ಬಯಲಿನಲ್ಲಿ ಯಾವುದಾದರೂ ಕಂಪನಿ ಕ್ಯಾಂಪು ಮಾಡಿದರೆ ಆ ದಾರಿಯನ್ನೇ ಬಿಟ್ಟು ಸುತ್ತಿ ಮನೆಗೆ ಹೋಗುತ್ತಿದ್ದರು.

ಹೆಂಡತಿ ಶಾಕೀರಾ ಸವಣೂರಿನವಳು. ಅವಳ ತವರಿನಲ್ಲಿ ಹೆಣ್ಣುಮಕ್ಕಳು ಆಟಕ್ಕೆ ಹೋಗುವ ರೂಢಿ ಇರಲಿಲ್ಲ, ಹಾಗಾಗಿ ಗಂಡನನ್ನು ಬಣ್ಣದಲ್ಲಿ ಅವಳು ಕಂಡೇ ಇರಲಿಲ್ಲ. ನೀರಿಗೆ ಹೋದಾಗ, "ಚಂಪಾವತಿ ಹೇಣ್ತಿ ಬಂದ್ಳು ನೋಡ್ರಿ" ಎಂದು ನಗುವವರಿದ್ದರು. ಅವಳೂ ನಕ್ಕು ಕೊಡ ತುಂಬಿಸಿಕೊಂಡು ಬರುತ್ತಿದ್ದಳು. ಮನೆಯಲ್ಲಿ ಅವರಿಬ್ಬರ ಮಾತು ಉರ್ದು; ಇಲ್ಲಿ ಅದನ್ನೂ ನಮ್ಮ ಮಾತಿನಲ್ಲೇ ಬರೆಯುತ್ತೇನೆ.

೧೯೬೩ರ ಬೇಸಿಗೆಯಲ್ಲಿ ಟೂರಿಂಗ್ ಟಾಕೀಸಿನ ಖಲಂದರ ಅಂಗಡಿಯ ಕಟ್ಟೆಗೆ ಬಂದು ಕುಂತ. ಊರ ಹೊರಗೆ ಅವನ ಡೇರೆ ಇತ್ತು.

"ಚಾಚಾ, ನಿಮ್ಮ ಛತ್ರಿ ಬಂದೈತಿ" ಅಂದ.

"ಯಾವ ಛತ್ರಿಪಾ?"

"ಚಂಪಾವತಿ ಛತ್ರಿ. ಸಿನಿಮಾ ಆಗೈತಿ. ಸಿನಿಮಾ ಅಂದ್ರ ಸಿನಿಮಾ ಅಲ್ಲ, ನಾಟಕಾನ ಫಿಲ್ಮ್ ತಗದಾರ. ಪಡದಿ, ದೀಪ, ಎಲ್ಲಾ ಇದ್ದಂಗ."

ಗುದ್ಲೆಪ್ಪನವರು ತೀರಿಕೊಂಡ ಮೇಲೆ ಅವರ ಮಗ ಕಂಪನಿ ನಡೆಸುತ್ತಿದ್ದ. ಬಹಳ ವರ್ಷ ಮೂಲೆಗೆ ಬಿದ್ದಿದ್ದ ಈ ನಾಟಕವನ್ನು ಅವನು ಮತ್ತೆ ಎತ್ತಿಕೊಂಡಿದ್ದ. ಅದು ಓಡತೊಡಗಿದ್ದು ಕಂಡು ಹುಬ್ಬಳ್ಳಿಯ ಅರಿವೆ ವ್ಯಾಪಾರಿಯೊಬ್ಬರು ಮುಂಬಯಿಯಿಂದ ಕ್ಯಾಮೆರಾದವರನ್ನು ಕರೆಸಿ, ರಂಗದ ಮೇಲಿನ ಆಟವನ್ನು ಇದ್ದಂತೆಯೇ ತೆಗೆಸಿದ್ದರು. ದೇಸಾಯಿಯಾಗಿ ಈಗಲೂ ನೀಲಪ್ಪನೇ. ಚಂಪಾವತಿ ಮಾತ್ರ ಹೊಸಬಳು. ಬೋರ್ಡಿನ ಮೇಲೆ 'ಕುಮಾರಿ ಶೇಖರಾದೇವಿ'; ಊರಲ್ಲಿ ಶೇಖವ್ವ, ಹಿರೇಕೆರೂರ ತಾಲೂಕಿನ ಚಿಕ್ಕೇರೂರಿನ ಒಕ್ಕಲಿಗರ ಮನೆಯ ಹುಡುಗಿ.

ಖಲಂದರನ ಬೆನ್ನಿಗೇ ವೆಂಕಟೇಶರಾಯರು ಬಂದರು. ಸವಣೂರಿನಿಂದ ನಾಲ್ಕು ಪುಟದ ಒಂದು ವಾರಪತ್ರಿಕೆ ಹೊರಡಿಸುತ್ತಿದ್ದವರು ಅವರು. ಬರೆಯುವವರೂ ಅವರೇ, ಅಚ್ಚಿನ ಮೊಳೆ ಜೋಡಿಸುವುದನ್ನು ನೋಡಿಕೊಳ್ಳುವವರೂ ಅವರೇ. ತಂದೆ ಮಠದ ಪಾಠಶಾಲೆಯಲ್ಲಿ ಪಂಡಿತರಾಗಿದ್ದರು. ಮಗನಿಗೆ ಚಿಕ್ಕಂದಿನಿಂದ ನಾಟಕದ ಹುಚ್ಚು.

"ನೀವು ನೋಡ್ರಿ, ನೀವು ಹೇಳ್ರಿ. ನಾ ಬರ್ಕೋತೇನಿ. ಹೆಸರು ನಿಮ್ಮದ ಇರ್ಲಿ" ಎಂದರು.

"ನಾ ಈಗ ಟೇಲರ ರೀ ರಾಯರ. ಆ ಬದುಕು ಬಿಟ್ಟು ಭಾಳ ವರ್ಷಾತು."

"ನಮ್ಮ ಅವ್ವ ಭಾಗೀರಥಿಬಾಯಿ ಇನ್ನೂ ಅಡಗಿ ಮಾಡೂ ಮುಂದ ನಿಮ್ಮ ಪದಾ ಅಂತಾಳ. ಆ ನಾಟಕದ ಬಗ್ಗೆ ನಿಮ್ಮನ್ನ ಬಿಟ್ಟು ಬ್ಯಾರೆ ಯಾರ್ನ ಕೇಳ್ಲಿ?"

ಹಜರತಅಲಿ ಮತ್ತೆ ಮಷೀನು ತುಳಿಯತೊಡಗಿದರು. ಮನೆಯಿಂದ ಚಹಾ ತಂದ ಶಾಕೀರಾ ಅಲ್ಲೇ ನಿಂತಿದ್ದಳು. ರಾಯರು ಹೋದ ಮೇಲೆ, "ಹೋಗೂಣು. ನಾನೂ ಬರ್ತೇನಿ" ಅಂದಳು. ಮದುವೆಯಾದಂದಿನಿಂದ ಅವಳು ಎಲ್ಲಿಗೂ ಹೀಗೆ ತಾನಾಗಿ ಬರುತ್ತೇನೆ ಅಂದಿರಲಿಲ್ಲ. ಅವರಿಗೆ ಬೇಡ ಅನ್ನಲಾಗಲಿಲ್ಲ.

ಸಂಜೆಯ ಆಟಕ್ಕೆ ಇಬ್ಬರೂ ಹೋದರು. ಶಾಕೀರಾ ಹೆಂಗಸರ ಕಡೆ, ಅವರು ಹಿಂದಿನ ಬೆಂಚಿನ ಮೇಲೆ. ನಾಂದಿಯ ಪದ ಸುರುವಾಯಿತು. ಇಪ್ಪತ್ತು ವರ್ಷ ತಾವು ಪಕ್ಕದ ಪಡದೆಯ ಸಂದಿಯಿಂದ ಕೇಳಿದ್ದ ಪದ ಈಗ ಎದುರಿನಿಂದ ಬಂತು. ಅವರಿಗೆ ಗೊತ್ತಿದ್ದ ನಾಟಕವೇ, ಆದರೆ ಯಾವುದೂ ಗೊತ್ತಿದ್ದ ಜಾಗದಲ್ಲಿ ಇರಲಿಲ್ಲ. ಕ್ಯಾಮೆರಾ ಒಮ್ಮೆ ಚಂಪಾವತಿಯ ಮುಖದ ಮೇಲಿದ್ದರೆ ಒಮ್ಮೆ ದೇಸಾಯಿಯ ಮುಖದ ಮೇಲೆ. ಅವಳು ಛತ್ರಿ ತೆರೆಯುವಾಗ ಅವನು ಬೆಚ್ಚಿ ಹಿಂದೆ ಸರಿಯುವುದು ಒಟ್ಟಿಗೆ ಕಾಣಬೇಕು, ಇಲ್ಲಿ ಒಂದಾದ ಮೇಲೊಂದು ಕಂಡಿತು. ಜನ ನಕ್ಕರು. ನಗುವಿನ ನಡುವೆಯೇ ಅವಳು ಮುಂದಿನ ಮಾತು ಆಡಿಬಿಟ್ಟಳು. ಆ ಮಾತು ಕೇಳದೆ ಮುಂದಿನವರು ಹಿಂದಿನವರಿಗೆ ಸುಮ್ಮನಿರ್ರಿ ಅಂದರು. ಮುಂದಿನ ಸಲ ನಗು ಬಂದರೂ ಅರ್ಧಕ್ಕೇ ತಡೆದುಕೊಂಡರು. ಮೂರನೆಯ ಅಂಕ ಮುಗಿಯುವ ಹೊತ್ತಿಗೆ ಡೇರೆಯಲ್ಲಿ ನಗುವವರು ಕಡಿಮೆಯಾಗಿದ್ದರು.

ಹುಡುಗಿಯ ಹಾಡಿಕೆ ಮಾತ್ರ ಚೊಕ್ಕ. ಕೆಳಗಿನ ಸ್ವರಕ್ಕೆ ಇಳಿದಾಗ ತಮ್ಮ ದನಿ ಒಡೆಯುತ್ತಿದ್ದ ಜಾಗದಲ್ಲಿ ಅವಳದು ನೀರಿನಂತೆ ಹರಿಯಿತು. ಅದನ್ನು ಕೇಳುತ್ತ ಹಜರತಅಲಿಯವರಿಗೆ ಒಳಗೊಳಗೇ ಹೊಟ್ಟೆಕಿಚ್ಚಾಯಿತು. ಆಮೇಲೆ ಅದೂ ಹೋಗಿ ಸುಮ್ಮನೆ ಕೇಳಿದರು.

ಮನೆಗೆ ನಡೆಯುತ್ತ ಶಾಕೀರಾ ಕೇಳಿದಳು: "ನೀವೂ ಹಿಂಗ ಮಾಡ್ತಿದ್ರೇನು?"

"ಹಿಂಗ ಅಲ್ಲ."

"ಮತ್ತ ಹೆಂಗ?"

ಅವರು ಛತ್ರಿ ಹಿಡಿದವರಂತೆ ಕೈ ಎತ್ತಿ, ಹಾಗೇ ಇಳಿಸಿದರು.

ಮರುದಿನ ರಾಯರು ಕಾಗದ ಪೆನ್ನು ಹಿಡಿದು ಕುಂತರು. ಹಜರತಅಲಿ ಕಾಜಾ ಹೊಲಿಯುತ್ತಲೇ ಹೇಳಿದರು. ಹಾಡಿಕೆ ನನಗಿಂತ ಮೇಲು, ಅದನ್ನು ಮೊದಲು ಬರೀರಿ. ಸಿಟ್ಟಿನ ಮಾತು ಅವಳ ಬಾಯಲ್ಲಿ ನಿಜವಾದ ಹೆಣ್ಣಿನ ಸಿಟ್ಟಾಗಿದೆ. ನಾನು ಅದನ್ನು ನನ್ನವ್ವನನ್ನು ನೋಡಿ ಕಲಿತಿದ್ದೆ, ಅವಳಿಗೆ ಕಲಿಯುವ ಕಾರಣವಿಲ್ಲ. ತಪ್ಪು ಎರಡಿವೆ. ಜನ ನಗುವಾಗ ತಡೆಯುವುದಿಲ್ಲ, ಮಾತು ನುಂಗಿಹೋಗುತ್ತದೆ. ಇನ್ನೊಂದು, ಛತ್ರಿ ಬಿಚ್ಚುವಾಗ ಬಲಗೈ ಮೊಣಕೈಯನ್ನು ಹೊರಗೆ ಚಾಚುತ್ತಾಳೆ, ಅದು ಗಂಡಸಿನ ಚಾಳಿ. ಹೆಂಗಸರು ಛತ್ರಿ ಹಿಡಿಯುವುದು ಹಾಗಲ್ಲ. ನೀಲಪ್ಪ ಅಂದಿನಂತೆಯೇ ಇದ್ದಾನೆ, ಹಲ್ಲು ಮಾತ್ರ ಈಗ ನಿಜವಾಗಿ ಉದುರಿವೆ. ಹುಡುಗಿಯ ಕುಬಸದ ಬೆನ್ನು ಸಡಿಲಾಯಿತು.

ರಾಯರು ನಗುತ್ತ ಬರೆದುಕೊಂಡು ಹೋದರು.

ಬುಧವಾರ ಪತ್ರಿಕೆ ಬಂತು. 'ಅಂದಿನ ಚಂಪಾವತಿ ಕಂಡ ಇಂದಿನ ಚಂಪಾವತಿ' ಎಂಬ ತಲೆಬರಹ, ಕೆಳಗೆ ಹಜರತಅಲಿ ಬಂಕಾಪುರ ಎಂಬ ಹೆಸರು. ಹಾಡಿಕೆಯ ಮಾತು ಎಲ್ಲೋ ಕೊನೆಯಲ್ಲಿ ಅರ್ಧ ಸಾಲಾಗಿತ್ತು. ಎರಡು ತಪ್ಪುಗಳು ಹಿಗ್ಗಿ ಒಂದು ಕಾಲಮ್ಮು ತುಂಬಿದ್ದವು. ನಡುವೆ ಅವರು ಎಂದೂ ಆಡದ ಸಾಲೊಂದಿತ್ತು: 'ಹೊಲದಲ್ಲಿ ಕಳೆ ಕೀಳುವ ಕೈಗೆ ಛತ್ರಿ ಕೊಟ್ಟರೆ ಅದು ಕುಡಗೋಲಾಗದೆ ಇನ್ನೇನಾದೀತು?'

ಅಕ್ಷರ ಕೂಡಿಸಿ ಓದುತ್ತ ಅವರು ಆ ಸಾಲಿನ ಮೇಲೆ ಬೆರಳಿಟ್ಟು ಕುಂತುಬಿಟ್ಟರು. ಖಲಂದರನಿಗೆ ಮಾತ್ರ ಖುಷಿ. ಆ ಮಾತು ಓದಿದವರು ಕುಡಗೋಲು ನೋಡೋಣ ಎಂದು ಡೇರೆಗೆ ನುಗ್ಗುತ್ತಿದ್ದರು.

ಮರುದಿನ ಮಧ್ಯಾಹ್ನ ಅಂಗಡಿ ಮುಚ್ಚಿ ಅವರು ಸವಣೂರಿಗೆ ಹೋದರು. ರಾಯರು ಮನೆಯ ಮುಂದಿನ ಕೋಣೆಯಲ್ಲಿ, ಸುತ್ತ ಕಾಗದ ಹರಡಿಕೊಂಡು ಕುಂತಿದ್ದರು.

"ಈ ಮಾತು ನಾ ಯಾವಾಗ ಹೇಳೇನ್ರಿ?"

ರಾಯರು ಮೊದಲು ನಕ್ಕರು, ಎದುರಿನವರು ನಗದೆ ಇದ್ದುದು ಕಂಡು ಕನ್ನಡಕ ತೆಗೆದರು. "ನಿಮ್ಮ ಮ್ಯಾಲಿನ ಅಭಿಮಾನಕ್ಕ ಬರದೇನಿ. ನೀವು ಭಾಳ ಮೆತ್ತಗ ಹೇಳಿದ್ರಿ. ನೀವಿದ್ದಾಗ ಆ ಪಾತ್ರ ಹೆಂಗಿತ್ತು ಅಂತ ಜನರಿಗೆ ನೆನಪು ಮಾಡಿ ಕೊಡಬೇಕಾಗಿತ್ತು."

"ನನ್ನ ಎತ್ತರ ಮಾಡಾಕ ಆ ಹುಡುಗೀನ್ನ ತಗ್ಗಿಗೆ ಹಾಕಿದ್ರೇನ್ರಿ? ನಮ್ಮಪ್ಪ ಹತ್ತಿ ಹಿಂಜತಿದ್ದ. ನನಗೂ ಅಷ್ಟ ಸಸಾರ ಅನ್ನಬಹುದಿತ್ತು, ಯಾರೂ ಅನ್ನಲಿಲ್ಲ."

ಒಳಗಿನಿಂದ ಭಾಗೀರಥಿಬಾಯಿ ಯಾರು ಬಂದದ್ದೆಂದು ಕೇಳಿದರು. "ಶಿಗ್ಗಾಂವಿ ಟೇಲರು" ಎಂದು ರಾಯರು ಹೇಳಿದರು. ಹಜರತಅಲಿ ಎದ್ದು ಹೊರಟುಬಂದರು.

ಸುದ್ದಿ ಅಲ್ಲಿಗೇ ನಿಲ್ಲಲಿಲ್ಲ. ಕಂಪನಿ ಆಗ ಹಿರೇಕೆರೂರಿನಲ್ಲಿ ಕ್ಯಾಂಪು ಮಾಡಿ ಅದೇ ನಾಟಕ ಆಡುತ್ತಿತ್ತು. ಚಿಕ್ಕೇರೂರು ಹತ್ತಿರವೇ, ಶೇಖವ್ವನ ಮನೆಯವರು, ಊರವರು ದಿನಾ ಬರುತ್ತಿದ್ದರು. ಪತ್ರಿಕೆಯ ಹಾಳೆ ಅಲ್ಲಿಗೂ ಹೋಗಿ, ಅವಳು ಛತ್ರಿ ಹಿಡಿದು ರಂಗಕ್ಕೆ ಬಂದ ಕೂಡಲೇ ಹಿಂದಿನಿಂದ ಯಾರೋ, "ಕುಡಗೋಲು ಬಂತು" ಎಂದು ಕೂಗಿದರಂತೆ. ಮರುದಿನ ಹತ್ತು ಜನ ಕೂಗಿದರಂತೆ. ಅವಳ ಅಣ್ಣ ಜಗಳಕ್ಕೆ ಬಿದ್ದು ತಲೆ ಒಡೆಸಿಕೊಂಡ ಎಂಬುದನ್ನೂ ಖಲಂದರನೇ ಬಂದು ಹೇಳಿದ. ಈಗ ಅವನಿಗೂ ಖುಷಿ ಇರಲಿಲ್ಲ.

"ನಾ ಹೋಗಿ ಬರ್ತೇನಿ" ಎಂದರು ಹಜರತಅಲಿ ಮನೆಯಲ್ಲಿ.

"ನೀವು ಅಂದಿಲ್ಲಂತ ಯಾರು ನಂಬ್ತಾರ?" ಎಂದಳು ಶಾಕೀರಾ.

"ನಂಬಲಿ ಬಿಡಲಿ. ಆಕೀ ಮುಂದ ಹೇಳಬೇಕು."

"ಹಂಗಾದ್ರ ನಾನೂ ಬರ್ತೇನಿ. ಒಬ್ಬರ ಹೋದ್ರ ನೀವು ಬಾಗಲದಿಂದ ತಿರುಗಿ ಬರ್ತೀರಿ."

ರವಿವಾರ ಮೊದಲ ಬಸ್ಸಿಗೆ ಹೊರಟು, ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ, ಹಿರೇಕೆರೂರು ಮುಟ್ಟಿದಾಗ ಬಿಸಿಲು ಏರಿತ್ತು. ತಗಡಿನ ಥೇಟರಿನ ಮುಂದೆ ನೀಲಪ್ಪ ಬನಿಯನ್ನಿನಲ್ಲಿ ನಿಂತು ಬೀಡಿ ಸೇದುತ್ತಿದ್ದ. ಹದಿಮೂರು ವರ್ಷದ ಮೇಲೆ ಕಂಡ ಗೆಳೆಯನನ್ನು ಅವನು ಬಾ ಅನ್ನಲಿಲ್ಲ.

"ಇನ್ನೇನರ ಬರಿಯೂದು ಉಳದೈತೇನು?" ಎಂದ.

"ಅದು ನನ್ನ ಮಾತಲ್ಲ ನೀಲಪ್ಪ."

"ಹೆಸರು ನಿಂದಲ್ಲ?"

"ಹೆಸರು ನಂದ. ಅದಕ್ಕ ಬಂದೇನಿ."

ನೀಲಪ್ಪ ಅವರ ಹಿಂದೆ ನಿಂತ ಶಾಕೀರಾಳನ್ನು ನೋಡಿದ. ಬೀಡಿ ಎಸೆದು, "ವೈನಿ ಬಿಸಿಲಾಗ ನಿಂತಾರ, ಒಳಗ ಬರ್ರಿ" ಅಂದ.

ಶೇಖವ್ವ ಒಳಗೆ ಪೆಟ್ಟಿಗೆಯ ಮೇಲೆ ಕುಂತು ಸೀರೆಯ ಅಂಚಿಗೆ ಜರಿ ಹಚ್ಚುತ್ತಿದ್ದಳು. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ. ಬಂದವರು ಯಾರೆಂದು ತಿಳಿದ ಮೇಲೆ ಎದ್ದು ನಮಸ್ಕಾರ ಮಾಡಿದಳು, ಮತ್ತೆ ಕುಂತು ಸೂಜಿ ಹಿಡಿದಳು. ಹಜರತಅಲಿ ನಿಂತೇ ಹೇಳಿದರು: ತಾವು ಏನು ಹೇಳಿದ್ದು, ಏನು ಹೇಳದ್ದು, ಹಾಡಿಕೆಯ ಮಾತು ಮೊದಲು ಬರೆಯಲು ಹೇಳಿದ್ದು. ಅವಳು ಎಲ್ಲ ಕೇಳಿದಳು.

"ಕಳೆ ಕೀಳೂ ಮಾತು ಇರ್ಲಿ ಬಿಡ್ರಿ ಸಾಹೇಬ್ರ" ಅಂದಳು. "ನಾ ಕಳೆ ತಗದಾಕೀನ. ಜನಾ ನಗೂ ಮುಂದ ತಡಿಯೂದಿಲ್ಲ ಅಂತ ಬರದೈತಲ್ಲ, ಅದು ನಿಮ್ಮ ಮಾತೋ ಅವರ ಮಾತೋ?"

"ಅದು ನಂದ."

"ಯಾರ ಸಲುವಾಗಿ ತಡೀಲಿ? ಫಿಲ್ಮ್ ತಗಿಯೂ ಮುಂದ ಥೇಟರದಾಗ ಒಂದ ನರಪಿಳ್ಳಿ ಇದ್ದಿಲ್ಲ. ಹಗಲೊತ್ತು, ಬಾಗಲಾ ಹಾಕಿ, ಮಾರಿ ಸುಡೂವಂಥ ದೀಪ ಇಟ್ಟಿದ್ರು. ನಮ್ಮ ಮಂದಿ ನಕ್ರ ಮಷೀನದಾಗ ಸಪ್ಪಳ ಬರ್ತೈತಿ ಅಂತ ಎಲ್ಲಾರ್ನೂ ಹೊರಗ ಹಾಕಿದ್ರು. ನಾ ಸುಮ್ಮ ನಿಂತ್ರ ಮುಂಬೈದವ್ರು ಮುಂದ ಹೇಳು, ಮುಂದ ಹೇಳು ಅಂತ ಕೈ ಮಾಡ್ತಿದ್ರು. ರೀಲು ಖರ್ಚಾಗತೈತಂತ."

ಹಜರತಅಲಿಯವರಿಗೆ ಇದು ಹೊಳೆದೇ ಇರಲಿಲ್ಲ. ಜೀವನದಲ್ಲಿ ಜನರಿಲ್ಲದ ಥೇಟರಿನಲ್ಲಿ ಅವರು ಆ ಪ್ರವೇಶ ಆಡಿರಲಿಲ್ಲ. ಡೇರೆಯ ನಗು ಅವಳಿಗೆ ಕೇಳಿಸಲು ಸಾಧ್ಯವಿಲ್ಲ ಎಂಬ ಸಣ್ಣ ಮಾತು ಬೆಂಚಿನ ಮೇಲೆ ಕುಂತಾಗ ತಲೆಗೆ ಬಂದಿರಲಿಲ್ಲ.

"ತಪ್ಪು ನಂದ ಆತವಾ" ಎಂದರು.

"ಮತ್ತ ಮೊಣಕೈದು?"

"ಅದೂ ನಾನ ಹೇಳಿದ್ದು. ಹೆಂಗಸರು ಹಂಗ ಛತ್ರಿ ಹಿಡಿಯೂದಿಲ್ಲ."

ಶೇಖವ್ವ ನೀಲಪ್ಪನ ಕಡೆ ನೋಡಿದಳು. ನೀಲಪ್ಪ ಬಾಗಿಲಿಗೆ ಒರಗಿ ನಗತೊಡಗಿದ್ದ.

"ಆ ಮೊಣಕೈ ನಿಂದ ಮಾರಾಯ" ಎಂದ. "ಆಕೀಗೆ ಪಾತ್ರ ಕಲಿಸಿದಾಂವ ನಾನು. ನೀ ಹೆಂಗ ಮಾಡ್ತಿದ್ದೆ ಹಂಗ ತೋರಿಸಿಕೊಟ್ಟೇನಿ. ಮೊಣಕೈ ಹಿಂಗ ಹೊರಗ ಬರಬೇಕು ಅಂತ ಎಂಟು ದಿನಾ ಬಡಕೊಂಡೇನಿ."

ಹಜರತಅಲಿ ಮೂಲೆಯಲ್ಲಿದ್ದ ಛತ್ರಿ ತೆಗೆದುಕೊಂಡರು. ಬಿಚ್ಚಿದರು. ಬಲ ಮೊಣಕೈ ತಾನಾಗಿ ಹೊರಗೆ ಹೋಯಿತು. ಮಡಚಿ ಮತ್ತೆ ಬಿಚ್ಚಿದರು, ಮತ್ತೆ ಹೋಯಿತು. ಶಾಕೀರಾಳ ಎದುರು ಹೇಳುವುದೋ ಬಿಡುವುದೋ ಎಂದು ತಡವರಿಸಿ ಕೊನೆಗೆ ಹೇಳಿದರು. ಕುಬಸದ ಒಳಗೆ ಅರಿವೆಯ ಉಂಡೆ ಇಟ್ಟು ಕಟ್ಟುತ್ತಿದ್ದರು. ಮೊಣಕೈ ಮೈಗೆ ಹತ್ತಿಸಿ ಛತ್ರಿ ಬಿಚ್ಚಿದರೆ ಬಲಗಡೆಯದು ಜಾರುತ್ತಿತ್ತು. ಒಮ್ಮೆ ಹಾನಗಲ್ಲಿನಲ್ಲಿ ಜಾರಿ ಕಾಲಬುಡಕ್ಕೇ ಬಿದ್ದು, ನೀಲಪ್ಪ ಅದನ್ನು ಎತ್ತಿ ದೇಸಾಯಿಯ ಗತ್ತಿನಲ್ಲೇ ಜೇಬಿಗೆ ಹಾಕಿಕೊಂಡಿದ್ದ. ಅಂದಿನಿಂದ ಮೊಣಕೈ ಹೊರಗೆ ಇಟ್ಟದ್ದು ರೂಢಿಯಾಗಿತ್ತು.

ಶೇಖವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಶಾಕೀರಾ ಮುಖ ಆ ಕಡೆ ಮಾಡಿದಳು. ಅವಳ ಹೆಗಲು ಅಲುಗುತ್ತಿತ್ತು.

"ನಿನಗ ಅದು ಬ್ಯಾಡವಾ, ಬಿಟ್ಟುಬಿಡು" ಎಂದರು ಹಜರತಅಲಿ. "ನಿನ್ನ ಕೈ ಹೆಂಗ ಹೋಗ್ತೈತಿ ಹಂಗ ಬಿಚ್ಚು."

ಅಲ್ಲಿಂದ ಮಾತು ಸಲೀಸಾಯಿತು. ಜೋಳದ ರೊಟ್ಟಿ ಊಟವಾದ ಮೇಲೆ ಶೇಖವ್ವನೇ ಕೇಳಿದಳು: ದೇಸಾಯಿ ಮೂರನೆಯ ಸಲ ಹತ್ತಿರ ಬರುವಾಗ ಹಿಂದೆ ಸರಿಯಬೇಕೋ ನಿಂತಲ್ಲೇ ನಿಲ್ಲಬೇಕೋ, ನೀಲಪ್ಪಜ್ಜನಿಗೆ ಅದು ನೆನಪಿಲ್ಲವಂತೆ. ಬಾಯಲ್ಲಿ ಹೇಳಿದರೆ ಆಗದು ಎಂದು ಹಜರತಅಲಿ ರಂಗ ಹತ್ತಿದರು. ಪೇಟಿಯವನು ಸ್ವರ ಹಿಡಿದ. ಖಾಲಿ ಕುರ್ಚಿಗಳ ನಡುವೆ ಶೇಖವ್ವ ಮತ್ತು ಶಾಕೀರಾ ಅಕ್ಕಪಕ್ಕ ಕುಂತರು.

ಐವತ್ತು ದಾಟಿದ, ಮೀಸೆಯ, ಲುಂಗಿ ಉಟ್ಟ ಟೇಲರು ಛತ್ರಿ ಹಿಡಿದು ನಡೆದರು. ಮೊದಲೆರಡು ಹೆಜ್ಜೆ ನೋಡಿದರೆ ನಗು ಬರುವಂತಿತ್ತು. ಆಮೇಲೆ ಲುಂಗಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಕತ್ತು ಒಂದಿಷ್ಟು ತಿರುಗಿಸಿದರು, ಅಷ್ಟೇ. ಮೀಸೆ ಇದ್ದುದು ಮರೆತುಹೋಯಿತು. ದನಿ ಮೇಲೇರದೆ ಕೆಳಗಿನ ಸ್ವರದಲ್ಲೇ ಪದ ಹೇಳಿದರು. ದೇಸಾಯಿ ಮೂರನೆಯ ಸಲ ಬಂದಾಗ ಅವರು ಸರಿಯಲಿಲ್ಲ, ನಿಂತಲ್ಲೇ ನಿಂತು ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿ, ಮೆಲ್ಲಗೆ, ಬಹಳ ಮೆಲ್ಲಗೆ ಛತ್ರಿ ತೆರೆದರು. ನೀಲಪ್ಪ ಹಿಂದೆ ಹಿಂದೆ ಹೋಗಿ ಪೇಟಿಯವನ ಮೇಲೆ ಬಿದ್ದ. ಅವರು ಬೆನ್ನು ತಿರುಗಿಸಿ ನಡೆದುಬಿಟ್ಟರು. ಶಾಕೀರಾ ನಗಲಿಲ್ಲ. ಕುರ್ಚಿಯ ತುದಿಗೆ ಬಂದು ಕುಂತಿದ್ದಳು.

ರಾತ್ರಿಯ ಆಟಕ್ಕೆ ಥೇಟರು ತುಂಬಿತು. ಪಡದೆ ಏಳುವ ಮೊದಲು ನೀಲಪ್ಪ ಹಜರತಅಲಿಯವರ ಕೈ ಹಿಡಿದು ಮುಂದೆ ತಂದು ನಿಲ್ಲಿಸಿ, ಇವರು ಬಂಕಾಪುರದ ಚಂಪಾವತಿ ಎಂದು ಹೇಳಿದ. ಹಿರಿಯರು ಕೆಲವರು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಿಂದ, "ಕುಡಗೋಲು ಎಲ್ಲೈತ್ರಿ?" ಎಂಬ ಕೂಗು ಬಂತು. ಅವರು ಕೂಗು ನಿಲ್ಲುವ ತನಕ ತಡೆದರು.

"ಆ ಮಾತು ನಾ ಆಡಿದ್ದಲ್ಲ" ಎಂದರು. "ಆಡಿದಾವ್ರು ಯಾರಂತ ಹೇಳಾಕ ನಾ ಬಂದಿಲ್ಲ. ನನ್ನ ಹೆಸರಿನ ಕೆಳಗ ಬಂದೈತಿ, ಅದಕ್ಕ ನನ್ನ ಬಾಯಿಲೆ ತಿರುಗಿ ತಗೋತೇನಿ. ನಾ ಆಡಿದ ಮಾತು ಎರಡಿದ್ವು. ಅವೂ ತಪ್ಪು ಅಂತ ಇವತ್ತ ತಿಳೀತು. ಫಿಲ್ಮ್ ನೋಡಿ ಮಾತಾಡಿದ್ದೆ, ಆಟಾ ನೋಡಿದ್ದಿಲ್ಲ. ಈಗ ನಿಮ್ಮ ಜೋಡಿ ಕುಂತು ನೋಡ್ತೇನಿ."

ಕೆಳಗಿಳಿದು ಶಾಕೀರಾಳ ಹತ್ತಿರ ಹೋಗಿ ಕುಂತರು. ಮೂರನೆಯ ಅಂಕದಲ್ಲಿ ಶೇಖವ್ವ ಛತ್ರಿ ಹಿಡಿದು ಬಂದಾಗ ಹಿಂದಿನಿಂದ ಒಂದು ದನಿ ಎದ್ದಿತು, ಜೊತೆಗೆ ಯಾರೂ ಬರದೆ ಅದು ಅಲ್ಲಿಗೇ ಮುಗಿಯಿತು. ಅವಳು ಮೊಣಕೈ ಮೈಗೆ ಹತ್ತಿಸಿಯೇ ಬಿಚ್ಚಿದಳು. ಜನ ನಕ್ಕರು. ಅವಳು ಛತ್ರಿಯ ಕಡ್ಡಿ ಸರಿಮಾಡುವವಳಂತೆ ಕೆಳಗೆ ನೋಡುತ್ತ ನಿಂತಳು. ನಗು ಪೂರ್ತಿ ಇಳಿಯುವ ಮೊದಲೇ, ಇನ್ನೇನು ಇಳಿಯುತ್ತದೆ ಅನ್ನುವಾಗ, ಮುಂದಿನ ಮಾತು ಒಗೆದಳು. ಹಜರತಅಲಿ ನಗು ಪೂರ್ತಿ ನಿಂತ ಮೇಲೆ ಮಾತಾಡುತ್ತಿದ್ದರು. ಇವಳು ಹಿಡಿದ ಜಾಗ ಬೇರೆ, ಅದಕ್ಕೆ ಬಂದ ನಗು ಮೊದಲಿನದಕ್ಕಿಂತ ದೊಡ್ಡದು. ಮೂರನೆಯ ಸಲ ದೇಸಾಯಿ ಬಂದಾಗ ಅವಳು ಮಧ್ಯಾಹ್ನ ಕಂಡದ್ದನ್ನು ಮಾಡಲೂ ಇಲ್ಲ. ಛತ್ರಿಯನ್ನು ಬಿಚ್ಚದೆ ಅವನ ಕೈಗೇ ಕೊಟ್ಟು, ಅವನು ಹಿಗ್ಗಿ ತೆಗೆದುಕೊಳ್ಳುವಾಗ ಗುಂಡಿ ಒತ್ತಿದಳು. ನೀಲಪ್ಪನಿಗೂ ಅದು ಗೊತ್ತಿರಲಿಲ್ಲ. ಅವನು ನಿಜವಾಗಿಯೇ ಬೆಚ್ಚಿದ. ಜನ ಒನ್ಸ್ ಮೋರ್ ಕೂಗಿದರು. ಹಜರತಅಲಿಯವರಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು ಬಂತು. ಇಷ್ಟು ವರ್ಷ ಆ ಪ್ರವೇಶಕ್ಕೆ ಜನ ಯಾಕೆ ನಗುತ್ತಾರೆಂದು ಅವರು ಎದುರು ಕುಂತು ನೋಡಿದ್ದೇ ಇರಲಿಲ್ಲ.

ಮರುದಿನ ಬಸ್ಸಿನಲ್ಲಿ ತಿಳವಳ್ಳಿ ದಾಟಿದ ಮೇಲೆ ಶಾಕೀರಾ ಹೇಳಿದಳು: "ನಿನ್ನೆ ನೀವು ತಿರುಗಿ ನಡದ್ರಲ್ಲ, ಆ ನಡಿಗಿ ನಾ ನೋಡೇನಿ."

"ಎಲ್ಲಿ ನೋಡಿದಿ?"

"ಮನ್ಯಾಗ. ನನ್ನ ಜೋಡಿ ಸಿಟ್ಟಿಗೆದ್ದಾಗ ನೀವು ಹಿತ್ತಲಕ್ಕ ಹಂಗ ಹೋಗ್ತೀರಿ. ನಾ ಇಷ್ಟು ವರ್ಷ ಅದು ನಿಮ್ಮದ ಅನ್ಕೊಂಡಿದ್ದೆ."

"ನಂದ ಅದು" ಎಂದರು ಹಜರತಅಲಿ. ಸ್ವಲ್ಪ ತಡೆದು, "ನಮ್ಮವ್ವಂದು" ಅಂದರು.

ಮುಂದಿನ ವಾರದ ಪತ್ರಿಕೆಯಲ್ಲಿ ವೆಂಕಟೇಶರಾಯರು ತಪ್ಪೊಪ್ಪಿಗೆ ಹಾಕಿದರು. ಕಳೆದ ವಾರದ ಆ ಸಾಲು ಸಂಪಾದಕರದು, ಹಜರತಅಲಿಯವರದಲ್ಲ ಎಂದು ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಅವರ ತಾಯಿ ವಿಷಯ ತಿಳಿದು ಎರಡು ದಿನ ಮಗನ ಜೊತೆ ಮಾತು ಬಿಟ್ಟಿದ್ದರೆಂದು ಸವಣೂರಿನವರು ಹೇಳುತ್ತಿದ್ದರು, ನಿಜವೋ ಸುಳ್ಳೋ. ಫಿಲ್ಮು ಬಹಳ ಓಡಲಿಲ್ಲ. ಖಲಂದರ ಅದನ್ನು ಶಿಗ್ಗಾಂವಿಯಿಂದ ಹಾನಗಲ್ಲಿಗೆ ಒಯ್ದ, ಅಲ್ಲಿ ಮೂರೇ ದಿನಕ್ಕೆ ತೆಗೆದ. ಆ ಮೇಲೆ ರೀಲುಗಳು ಎಲ್ಲಿ ಹೋದವೋ ಯಾರಿಗೂ ಗೊತ್ತಿಲ್ಲ. ನಾಟಕ ಮಾತ್ರ ಇನ್ನೂ ನಾಲ್ಕೈದು ವರ್ಷ ನಡೆಯಿತು. ಮಳೆಗಾಲದಲ್ಲಿ ಕಂಪನಿ ರಟ್ಟೀಹಳ್ಳಿಯಲ್ಲಿ ತಂಗಿದಾಗ ಹೊಸಬರಿಗೆ ಪಾತ್ರ ಕಲಿಸಲು ಹಜರತಅಲಿಯವರನ್ನು ಕರೆಯುತ್ತಿದ್ದರು. ಹೋಗಿ ಹದಿನೈದು ದಿನ ಇದ್ದು ಬರುತ್ತಿದ್ದರು; ಕಾಯಂ ಬರ್ರಿ ಅಂದದ್ದಕ್ಕೆ ಒಪ್ಪಲಿಲ್ಲ. ಮಷೀನು ಬಿಟ್ಟು ಇರಲಾರೆ ಅಂದರು.

ಕಂಪನಿ ಮುಚ್ಚಿದ ಮೇಲೆ ಶೇಖವ್ವ ಚಿಕ್ಕೇರೂರಿಗೆ ಹೋದಳು. ಮದುವೆಯಾಗಿ ಹೊಲ ಮನೆ ನೋಡಿಕೊಂಡಳು. ನೀಲಪ್ಪ ಅದೇ ವರ್ಷ ತೀರಿಕೊಂಡ. ಹಜರತಅಲಿ ಕಣ್ಣು ಮಂಜಾಗುವವರೆಗೆ ಕುಬಸ ಹೊಲಿದರು. ಶಿಗ್ಗಾಂವಿಯ ಬಯಲಿಗೆ ಯಾವ ಕಂಪನಿ ಬಂದರೂ ಮೊದಲ ದಿನವೇ ಗಂಡಹೆಂಡತಿ ಇಬ್ಬರೂ ಹೋಗುತ್ತಿದ್ದರು. ಆಟ ಚೆನ್ನಾಗಿಲ್ಲದಿದ್ದರೆ ಅವರು ಎದ್ದು ಬಂದುಬಿಡುತ್ತಿದ್ದರು. ಶಾಕೀರಾ ಮಾತ್ರ ಕಡೆಯ ಪದ ಮುಗಿಯುವವರೆಗೂ ಕುಂತು, ಆಮೇಲೆ ಒಬ್ಬಳೇ ಮನೆಗೆ ನಡೆದುಬರುತ್ತಿದ್ದಳು.